ನಮೀಬಿಯಾದಲ್ಲಿ ಟೆಂಟ್ ಹೊತ್ತ ಬಾಡಿಗೆ ಗಾಡಿ: ಎಲ್ಲಿ ಕೈ ಹಿಡಿಯುತ್ತದೆ, ಎಲ್ಲಿ ಕೈ ಕೊಡುತ್ತದೆ

ನಮೀಬಿಯಾದ ರಾಜಧಾನಿ ವಿಂಡ್‌ಹೋಕ್‌ನಲ್ಲಿ ಚಾವಣಿ ಮೇಲೆ ಟೆಂಟ್ ಹೊತ್ತ ಗಾಡಿಯನ್ನು ಬಾಡಿಗೆಗೆ ಕೊಡುವ ಕಂಪನಿಗಳು ಹಲವು. ಕೈಗೆ ಸಿಗುವ ಸರಕು ಮಾತ್ರ ಹೆಚ್ಚೂಕಡಿಮೆ ಒಂದೇ. ಟೊಯೊಟಾ ಹೈಲಕ್ಸ್ ಅಥವಾ ಫೋರ್ಡ್ ರೇಂಜರ್ ಡಬಲ್ ಕ್ಯಾಬ್ ಡೀಸೆಲ್ ಗಾಡಿ, ಚಾವಣಿ ಮೇಲೆ ಮಡಚಿಟ್ಟ ಒಂದೋ ಎರಡೋ ಟೆಂಟು, ಹಿಂದೆ ಬೀಗ ಹಾಕುವ ಪೆಟ್ಟಿಗೆಯಂಥ ಮುಚ್ಚಿಗೆ (ಕ್ಯಾನೊಪಿ), ಅದರೊಳಗೆ ಫ್ರಿಜ್ಜು, ಗ್ಯಾಸ್ ಸಿಲಿಂಡರು, ಪಾತ್ರೆಪಡಗ, ಮಡಚುವ ಕುರ್ಚಿ, ಮೇಜು, ಹಾಸಿಗೆ ಹೊದಿಕೆ. ಅಲ್ಲಿಂದ ಹೊರಟು ಸೆಸ್ರೀಮ್‌ನ ಮರಳುಗುಡ್ಡ, ಕರಾವಳಿಯ ಸ್ವಾಕೋಪ್ಮುಂಡ್ ಊರು, ಕೇಪ್ ಕ್ರಾಸ್, ಸ್ಕೆಲಿಟನ್ ಕೋಸ್ಟ್, ಒಳನಾಡಿನ ಒಣ ಬೆಟ್ಟಸೀಮೆ ಡಮಾರಾಲ್ಯಾಂಡ್, ವನ್ಯಜೀವಿಗಳ ಎಟೋಶಾ ಪಾರ್ಕ್ ಸುತ್ತಿ ವಾಪಸು ಬಂದರೆ ಎರಡು ಸಾವಿರ ಕಿಲೋಮೀಟರ್ ಮೀರುತ್ತದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಜಲ್ಲಿ ಮತ್ತು ಉಪ್ಪಿನ ರಸ್ತೆ. ಹನ್ನೆರಡು ರಾತ್ರಿಗಿಂತ ಕಡಿಮೆ ಇಟ್ಟುಕೊಂಡರೆ ಇಡೀ ಪ್ರವಾಸ ಸ್ಟೀರಿಂಗ್ ಹಿಂದೆಯೇ ಕಳೆದುಹೋಗುತ್ತದೆ.

ತೀರ್ಪು ಮೊದಲೇ ಹೇಳಿಬಿಡುವುದು ಒಳ್ಳೆಯದು. ಈ ಸುತ್ತಿಗೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಇಲ್ಲ. ಆದರೆ ಎರಡು ಕಂಪನಿಗಳ ದರ ಹೋಲಿಸುವಾಗ ಎಲ್ಲರೂ ನೋಡುವುದು ಗಾಡಿಯ ಮಾಡೆಲ್ಲು, ಟೆಂಟಿನ ಫೋಟೊ. ನಿಜವಾದ ವ್ಯತ್ಯಾಸ ಇರುವುದು ಟೈರಿನಲ್ಲಿ, ಎರಡನೇ ಬ್ಯಾಟರಿಯಲ್ಲಿ, ವಿಮೆಯ ಷರತ್ತಿನಲ್ಲಿ. ಈ ಮೂರೂ ಸರಿ ಇದ್ದರೆ ಹಳೆಯ ಹೈಲಕ್ಸೇ ಸಾಕು.

ಗಾಡಿ ಕೈಗೆ ತೆಗೆದುಕೊಳ್ಳುವಾಗ ಎರಡು ಗಂಟೆ ಮೀಸಲಿಡಿ. ಒಳ್ಳೆಯ ಕಂಪನಿಯವರು ತಾವೇ ಅಷ್ಟು ಹೊತ್ತು ಕೊಡುತ್ತಾರೆ. ಅರ್ಧ ಗಂಟೆಯಲ್ಲಿ ಕೀ ಕೊಟ್ಟು ಕಳಿಸುವವರ ಬಗ್ಗೆ ಅನುಮಾನ ಇರಲಿ. ಮೊದಲು ಟೈರು. ಪಕ್ಕದ ಗೋಡೆಯ ಮೇಲೆ ನಾಲ್ಕು ಅಂಕಿಯ ಸಂಖ್ಯೆ ಇರುತ್ತದೆ. 3221 ಎಂದಿದ್ದರೆ 2021ರ 32ನೇ ವಾರದಲ್ಲಿ ತಯಾರಾದದ್ದು ಎಂದರ್ಥ. ಗ್ರಿಪ್ ಎಷ್ಟೇ ಚೆನ್ನಾಗಿ ಕಂಡರೂ ಐದಾರು ವರ್ಷ ದಾಟಿದ ಟೈರನ್ನು ಬದಲಿಸಿ ಕೊಡಲು ಕೇಳಿ, ಏಕೆಂದರೆ ನಮೀಬಿಯಾದ ಜಲ್ಲಿಯಲ್ಲಿ ಹರಿಯುವುದು ಸಾಮಾನ್ಯವಾಗಿ ಆ ಪಕ್ಕದ ಗೋಡೆಯೇ. ಬಿಸಿಲಿಗೆ ಒಣಗಿದ ರಬ್ಬರು ಚೂಪು ಕಲ್ಲಿಗೆ ಸೀಳಿಹೋದರೆ ಪ್ಲಗ್ ಹಾಕಿ ಮುಚ್ಚಲು ಬರುವುದಿಲ್ಲ. ಹಾಗಾಗಿ ಎರಡು ಸ್ಟೆಪ್ನಿ ಬೇಕೇ ಬೇಕು. ಒಂದನ್ನು ಅಲ್ಲೇ ಕೆಳಗಿಳಿಸಿ ತೋರಿಸಲು ಹೇಳಿ. ಗಾಡಿಯ ಅಡಿಯಲ್ಲಿ ನೇತುಹಾಕಿದ ಸ್ಟೆಪ್ನಿಯ ಸರಪಳಿಯಲ್ಲಿ ಧೂಳು ಕಟ್ಟಿ ಬಿಗಿದುಕೊಂಡಿದ್ದರೆ ಅದು ಗೊತ್ತಾಗಬೇಕಾದದ್ದು ಅಂಗಳದಲ್ಲಿ, ಡಮಾರಾಲ್ಯಾಂಡಿನಲ್ಲಿ ಅಲ್ಲ. ಜಾಕಿನ ಕೆಳಗೆ ಇಡಲು ಅಗಲವಾದ ಹಲಗೆ ಇದೆಯೇ ನೋಡಿ. ಮರಳಿನ ಮೇಲೆ ಹಲಗೆ ಇಲ್ಲದ ಜಾಕ್ ಗಾಡಿ ಎತ್ತುವ ಬದಲು ತಾನೇ ಹೂತುಕೊಳ್ಳುತ್ತದೆ. ಏರ್ ಕಂಪ್ರೆಸರನ್ನು ಅಲ್ಲೇ ಚಾಲೂ ಮಾಡಿಸಿ, ಗಾಳಿ ಅಳೆಯುವ ಗೇಜು ಬೇರೆಯಾಗಿ ಇದೆಯೇ ಕೇಳಿ.

ಎರಡನೆಯದು ಬ್ಯಾಟರಿ. ಫ್ರಿಜ್ಜು ಓಡುವುದು ಎಂಜಿನ್ನಿನ ಬ್ಯಾಟರಿಯಿಂದಲ್ಲ, ಪಕ್ಕದ ಎರಡನೇ ಬ್ಯಾಟರಿಯಿಂದ. ನೂರು ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಅದಕ್ಕೆ ಹಾನಿಯಾಗದಂತೆ ಬಳಸಬಹುದಾದದ್ದು ಸುಮಾರು ಅರ್ಧ. ಸೆಕೆಯ ದಿನ ಫ್ರಿಜ್ಜು ಸರಾಸರಿ ಎರಡು ಆಂಪಿಯರ್ ಎಳೆದರೂ ಒಂದು ದಿನ ನಿಂತಲ್ಲೇ ನಿಂತರೆ ಲೆಕ್ಕ ಮುಗಿಯಿತು. ದಿನಾ ಮೂರು ನಾಲ್ಕು ಗಂಟೆ ಗಾಡಿ ಓಡಿಸಿದರೆ ತೊಂದರೆ ಇಲ್ಲ. ಒಂದೇ ಕ್ಯಾಂಪಿನಲ್ಲಿ ಎರಡು ದಿನ ಬೀಡುಬಿಡುವವರು ಕರೆಂಟಿಗೆ ಸಿಗಿಸುವ ವೈರನ್ನು ಕೇಳಿ ಪಡೆಯಬೇಕು. ವೋಲ್ಟ್ ಮೀಟರ್ ಇದ್ದರೆ, ಎಂಜಿನ್ ಆರಿಸಿ ಒಂದಷ್ಟು ಹೊತ್ತು ಕಳೆದ ಮೇಲೆ 12.6ರ ಆಸುಪಾಸು ತೋರಿಸಬೇಕು. 12ಕ್ಕಿಂತ ಕೆಳಗೆ ಬಂದಿದ್ದರೆ ಬ್ಯಾಟರಿಗೆ ವಯಸ್ಸಾಗಿದೆ ಅಥವಾ ಚಾರ್ಜಿಂಗ್ ಸಂಪರ್ಕ ಸರಿ ಇಲ್ಲ.

ವಿಮೆಯ ವಿಷಯದಲ್ಲಿ ಹೆಚ್ಚಿನವರು ಎಡವುತ್ತಾರೆ. ಮೂಲ ದರದಲ್ಲಿರುವ ವಿಮೆಯಲ್ಲಿ ಅಪಘಾತವಾದರೆ ನಾವೇ ಭರಿಸಬೇಕಾದ ಮೊತ್ತ ದೊಡ್ಡದು. ಅದನ್ನು ಕಾರ್ಡಿನಲ್ಲಿ ತಡೆಹಿಡಿಯುತ್ತಾರೆ. ದಿನಕ್ಕಿಷ್ಟು ಎಂದು ಹೆಚ್ಚು ಕೊಟ್ಟರೆ ಆ ಮೊತ್ತ ಇಳಿಯುತ್ತದೆ. ಟೈರು ಮತ್ತು ಗಾಜಿನ ವಿಮೆ ಬಹುತೇಕ ಬೇರೆ, ಅದನ್ನು ಕೊಳ್ಳುವುದರಲ್ಲಿ ಜಿಪುಣತನ ಬೇಡ. ಎದುರಿನ ಗಾಡಿ ಸಿಡಿಸಿದ ಒಂದು ಕಲ್ಲಿಗೆ ಮುಂದಿನ ಗಾಜು ಬಿರುಕು ಬಿಡುವುದು ಇಲ್ಲಿ ಮಾಮೂಲು. ಆದರೆ ಯಾವ ದುಬಾರಿ ವಿಮೆಯೂ ಸಾಮಾನ್ಯವಾಗಿ ಒಪ್ಪದ ಕೆಲವು ಸಂಗತಿಗಳಿವೆ: ನೀರಿನಲ್ಲಿ ಇಳಿಸಿ ಆದ ಹಾನಿ, ಮರಳಲ್ಲಿ ಸುಟ್ಟ ಕ್ಲಚ್ಚು, ಕತ್ತಲಾದ ಮೇಲಿನ ಚಾಲನೆ, ಜಲ್ಲಿಯಲ್ಲಿ 80 ದಾಟಿದ ವೇಗ. ಗಾಡಿಯಲ್ಲಿರುವ ಟ್ರ್ಯಾಕರ್ ವೇಗವನ್ನು ದಾಖಲಿಸುತ್ತಿರುತ್ತದೆ, ವಾದಿಸಿ ಪ್ರಯೋಜನವಿಲ್ಲ. ಬೇರೆ ಗಾಡಿಯೇ ಇಲ್ಲದೆ ತಾನಾಗಿ ಮಗುಚಿದ ಪ್ರಕರಣಕ್ಕೆ ಏನು ನಿಯಮ ಎಂಬುದನ್ನು ಬರಹದಲ್ಲಿ ಕೇಳಿ ಪಡೆಯಿರಿ. ನಮೀಬಿಯಾದಲ್ಲಿ ಪ್ರವಾಸಿಗರ ಗಾಡಿಗಳಿಗೆ ಆಗುವ ದೊಡ್ಡ ಅನಾಹುತ ಅದೇ.

ಕಾರಣವೂ ಸರಳ. ಒಂದೊಂದು ಟೆಂಟು ಐವತ್ತು ಅರವತ್ತು ಕಿಲೋ ತೂಗುತ್ತದೆ, ಅಷ್ಟೂ ಭಾರ ಚಾವಣಿಯ ಮೇಲೆ. ಜಲ್ಲಿ ರಸ್ತೆಯ ಅಲೆಅಲೆ ಉಬ್ಬುಗಳ ಮೇಲೆ ವೇಗ ಹೆಚ್ಚಿದಷ್ಟೂ ಕುಲುಕಾಟ ಕಡಿಮೆಯಾದಂತೆ ಅನ್ನಿಸುತ್ತದೆ. ನಿಜದಲ್ಲಿ ಟೈರು ಉಬ್ಬಿನ ತುದಿಗಳನ್ನಷ್ಟೇ ಮುಟ್ಟಿಕೊಂಡು ತೇಲುತ್ತಿರುತ್ತದೆ, ಹಿಡಿತ ಇರುವುದಿಲ್ಲ. ತಿರುವಿನಲ್ಲಿ ಹಿಂಭಾಗ ಜಾರಿದಾಗ ಗಾಬರಿಯಿಂದ ಬ್ರೇಕ್ ಒತ್ತಿ ಸ್ಟೀರಿಂಗ್ ಎಳೆದರೆ ಗಾಡಿ ಅಡ್ಡ ತಿರುಗಿ ಉರುಳುತ್ತದೆ. 60–70ರಲ್ಲಿ ಹೋಗಿ, ಜಾರಿದರೆ ಆಕ್ಸಿಲರೇಟರ್‌ನಿಂದ ಕಾಲು ತೆಗೆದು ಸ್ಟೀರಿಂಗನ್ನು ಮೆತ್ತಗೆ ಹಿಡಿದುಕೊಳ್ಳಿ. ಟೈರಿನ ಗಾಳಿ ಡಾಂಬರಿನಲ್ಲಿ 2.2ರಿಂದ 2.5 ಬಾರ್ (ಗಾಳಿಯ ಒತ್ತಡದ ಅಳತೆ), ಜಲ್ಲಿಯಲ್ಲಿ 1.8ರಿಂದ 2, ಮರಳಲ್ಲಿ 1.2. ಗಾಳಿ ಇಳಿಸಿದ ಟೈರು ಕಲ್ಲಿನ ಮೇಲೆ ಬಾಗಿಕೊಳ್ಳುತ್ತದೆ, ಹಾಗಾಗಿ ಸೀಳುವುದು ಕಡಿಮೆ. ಅದೇ ಟೈರಿನಲ್ಲಿ ಡಾಂಬರಿನ ಮೇಲೆ ವೇಗವಾಗಿ ಓಡಿಸಿದರೆ ಬಿಸಿಯೇರಿ ಸಿಡಿಯುತ್ತದೆ. ರಸ್ತೆ ಬದಲಾದಾಗ ಗಾಳಿಯೂ ಬದಲಾಗಲೇಬೇಕು. ಬೇಸರದ ಕೆಲಸ, ಆದರೆ ಈ ಸೇವೆಯಿಂದ ಪೂರ್ತಿ ಪ್ರಯೋಜನ ಸಿಗುವುದು ಅದನ್ನು ಮಾಡುವವರಿಗೆ ಮಾತ್ರ.

ಸೆಸ್ರೀಮ್‌ನಲ್ಲಿ ಟೆಂಟಿನ ಗಾಡಿಯ ಬೆಲೆ ಗೊತ್ತಾಗುತ್ತದೆ. ಪಾರ್ಕಿನ ಹೊರಗೇಟು ತೆರೆಯುವುದು ಸೂರ್ಯೋದಯಕ್ಕೆ. ಒಳಗಿನ ಸರ್ಕಾರಿ ಕ್ಯಾಂಪಿನಲ್ಲಿ ತಂಗಿದವರಿಗೆ ಒಳಗೇಟು ಒಂದು ಗಂಟೆ ಮುಂಚೆಯೇ ತೆರೆಯುತ್ತದೆ. ಅಲ್ಲಿಂದ ಮರಳುಗುಡ್ಡಗಳ ನಡುವೆ ಸುಮಾರು 60 ಕಿಲೋಮೀಟರ್ ಡಾಂಬರು, ವೇಗದ ಮಿತಿ 60. ಅಂದರೆ 45ನೇ ಕಿಲೋಮೀಟರಿನಲ್ಲಿರುವ ಡ್ಯೂನ್ 45ನ್ನು ಹತ್ತಿ ಸೂರ್ಯೋದಯ ನೋಡುವ ಅವಕಾಶ ಒಳಗಿದ್ದವರಿಗಷ್ಟೇ. ಹೊರಗಿನ ಐಷಾರಾಮಿ ಲಾಡ್ಜಿಗೆ ಎಷ್ಟೇ ದುಡ್ಡು ಸುರಿದರೂ ಇದು ಸಿಗುವುದಿಲ್ಲ. ಡಾಂಬರು ಮುಗಿದ ಮೇಲೆ, ಗುಡ್ಡಗಳ ನಡುವಿನ ಒಣ ಕೆರೆಯಂಗಳವಾದ ಸೊಸುಸ್‌ಫ್ಲೇವರೆಗಿನ ಕೊನೆಯ ನಾಲ್ಕೈದು ಕಿಲೋಮೀಟರ್ ಆಳವಾದ ಮರಳು. ಇಳಿಯುವ ಮುನ್ನ ನಿಂತು ಗಾಳಿ ಇಳಿಸಿ, ಫೋರ್ ವೀಲ್ ಹಾಕಿ, ಒಂದೇ ವೇಗದಲ್ಲಿ ಸಾಗಿ. ನಡುವೆ ನಿಲ್ಲಬೇಡಿ, ಬ್ರೇಕ್ ಹಾಕಬೇಡಿ. ಚಕ್ರ ಸುತ್ತತೊಡಗಿದರೆ ತಕ್ಷಣ ಕಾಲು ತೆಗೆಯಿರಿ. ಇನ್ನಷ್ಟು ಒತ್ತಿದರೆ ಗಾಡಿ ಹೊಟ್ಟೆಯವರೆಗೆ ಹೂಳುತ್ತದೆ. ಚಕ್ರದ ಮುಂದೆ ಹಿಂದೆ ಮರಳು ತೋಡಿ, ಗಾಳಿಯನ್ನು 1 ಬಾರ್‌ಗೆ ಇಳಿಸಿ, ಬಂದ ಜಾಡಿನಲ್ಲೇ ರಿವರ್ಸ್ ತೆಗೆದರೆ ಬಹುತೇಕ ಹೊರಬರುತ್ತದೆ. ಧೈರ್ಯ ಸಾಲದವರಿಗೆ ಡಾಂಬರು ಮುಗಿಯುವಲ್ಲೇ ಶಟಲ್ ಗಾಡಿ ಇದೆ, ಅದನ್ನು ಹಿಡಿಯುವುದರಲ್ಲಿ ಕಡಿಮೆಯೇನೂ ಇಲ್ಲ.

ಕರಾವಳಿಯಲ್ಲಿ ಮಾತ್ರ ಟೆಂಟು ಮಡಚಿಟ್ಟು ರೂಮು ಹಿಡಿಯಿರಿ ಎಂಬುದು ನಮ್ಮ ಖಚಿತ ಸಲಹೆ. ಬೆಂಗ್ವೆಲಾ ಶೀತಪ್ರವಾಹದಿಂದಾಗಿ ಸಮುದ್ರದ ಮೇಲಿನ ಗಾಳಿ ತಣ್ಣಗಾಗಿ ಮಂಜಾಗಿ ದಡಕ್ಕೆ ಬರುತ್ತದೆ. ಬೆಳಗಿನವರೆಗೆ ಟೆಂಟಿನ ಬಟ್ಟೆ, ಹಾಸಿಗೆ ಎಲ್ಲ ಒದ್ದೆ. ಒದ್ದೆ ಟೆಂಟನ್ನು ಮಡಚಿ ಮರುದಿನ ಬಿಚ್ಚಿದರೆ ಮುಗ್ಗಲು ವಾಸನೆ ಪ್ರವಾಸ ಮುಗಿಯುವವರೆಗೂ ಬಿಡುವುದಿಲ್ಲ. ಇದೇ ಮಂಜು ಉಪ್ಪು ಮತ್ತು ಜಿಪ್ಸಮ್ ಸೇರಿಸಿ ಗಟ್ಟಿ ಮಾಡಿದ ಕರಾವಳಿ ರಸ್ತೆಯನ್ನೂ ಜಾರುಬಂಡೆ ಮಾಡುತ್ತದೆ. ಒಣಗಿದಾಗ ಡಾಂಬರಿನಂತೆ ನುಣುಪಾಗಿರುವ ಇದು ಬೆಳಗ್ಗೆ ಒದ್ದೆಯಾಗಿರುವಾಗ ಅತಿ ಅಪಾಯಕಾರಿ. ಹತ್ತು ಗಂಟೆಯ ಮೇಲೆ ಹೊರಡಿ, ಹೆಡ್‌ಲೈಟ್ ಹಗಲಲ್ಲೂ ಉರಿಯುತ್ತಿರಲಿ. ದಾರಿಯಲ್ಲಿ ಹೆಂಟೀಸ್ ಬೇ ಊರಿಗೆ ಸ್ವಲ್ಪ ಮುಂಚೆ 2008ರಲ್ಲಿ ದಡಕ್ಕೆ ಸಿಕ್ಕಿಕೊಂಡ ಝೈಲಾ ಹಡಗು ರಸ್ತೆಗೆ ಹತ್ತಿರದಲ್ಲೇ ಇದೆ. ಅಲ್ಲಿಂದ ಮುಂದೆ ಕೇಪ್ ಕ್ರಾಸ್‌ನ ಸೀಲ್ ಪ್ರಾಣಿಗಳ ಕಾಲೊನಿ. ನವೆಂಬರ್–ಡಿಸೆಂಬರ್‌ನಲ್ಲಿ ಮರಿ ಹಾಕುವ ಕಾಲ, ನೋಡಲು ಅದ್ಭುತ. ವಾಸನೆ ಬಟ್ಟೆಗೆ ಅಂಟಿಕೊಳ್ಳುತ್ತದೆ, ಕಿಟಕಿ ಮುಚ್ಚಿಯೇ ಗಾಡಿ ನಿಲ್ಲಿಸಿ.

ರಸ್ತೆ ಬಿಟ್ಟು ಬಯಲಿಗೆ ಇಳಿಯಬೇಡಿ. ಬರಡು ನೆಲದಂತೆ ಕಾಣುವುದು ಮಂಜಿನ ನೀರು ಕುಡಿದು ಬದುಕುವ ಕಲ್ಲುಹೂವಿನ ಹೊಲ. ಒಂದು ಸಲ ಟೈರು ಹರಿದ ಜಾಡು ದಶಕಗಟ್ಟಲೆ ಮಾಸದೆ ಉಳಿಯುತ್ತದೆ.

ಸ್ಕೆಲಿಟನ್ ಕೋಸ್ಟ್ ಪಾರ್ಕನ್ನು ಹಾದುಹೋಗುವವರು ಉಗಾಬ್ ಗೇಟನ್ನು ಮಧ್ಯಾಹ್ನ ಮೂರರ ಒಳಗೆ ತಲುಪಬೇಕು, ಇಲ್ಲವಾದರೆ ಒಳಗೆ ಬಿಡುವುದಿಲ್ಲ. ಒಳಗೆ ತಂಗಬೇಕಾದರೆ ಟೆರೇಸ್ ಬೇಯಲ್ಲಿ ಮುಂಚೆಯೇ ಬುಕ್ ಮಾಡಿರಬೇಕು. ಟೋರಾ ಬೇ ಕ್ಯಾಂಪ್ ತೆರೆದಿರುವುದು ಡಿಸೆಂಬರ್, ಜನವರಿಯಲ್ಲಿ ಮಾತ್ರ. ಹೆಂಟೀಸ್ ಬೇಯಲ್ಲಿ ಟ್ಯಾಂಕ್ ತುಂಬಿಸಿ. ಅಲ್ಲಿಂದ ಹೊರಟು, ಒಳನಾಡಿನ ಸ್ಪ್ರಿಂಗ್‌ಬಾಕ್‌ವಾಸರ್ ಗೇಟಿನಿಂದ ಹೊರಬಿದ್ದು ಪಾಲ್ಮ್‌ವಾಗ್ ತಲುಪುವವರೆಗೆ ಮುನ್ನೂರು ಕಿಲೋಮೀಟರಿಗೂ ಹೆಚ್ಚಿನ ದಾರಿ, ನಡುವೆ ಬಂಕನ್ನು ನೆಚ್ಚಿಕೊಳ್ಳುವಂತಿಲ್ಲ. ಟೆಂಟ್ ಹೊತ್ತ ಹೈಲಕ್ಸ್ ನೂರು ಕಿಲೋಮೀಟರಿಗೆ 11ರಿಂದ 13 ಲೀಟರ್ ಕುಡಿಯುತ್ತದೆ. ಬಂಕುಗಳಲ್ಲಿ ಕಾರ್ಡ್ ಯಂತ್ರ ಯಾವಾಗ ಕೆಲಸ ಮಾಡುತ್ತದೋ ಹೇಳಲಾಗದು, ನಗದು ಇರಲಿ. ನಮೀಬಿಯಾ ಡಾಲರಿಗೂ ದಕ್ಷಿಣ ಆಫ್ರಿಕಾದ ರಾಂಡಿಗೂ ಒಂದಕ್ಕೊಂದು ಬೆಲೆ, ಇಲ್ಲಿ ಎರಡೂ ನಡೆಯುತ್ತವೆ. ದಕ್ಷಿಣ ಆಫ್ರಿಕಾದಲ್ಲಿ ಮಾತ್ರ ನಮೀಬಿಯಾದ ನೋಟು ನಡೆಯದು, ಉಳಿದದ್ದನ್ನು ಇಲ್ಲೇ ಮುಗಿಸಿ.

ಡಮಾರಾಲ್ಯಾಂಡಿನಲ್ಲಿ ಮರುಭೂಮಿಯ ಆನೆಗಳು ಹುವಾಬ್, ಹೋಆನಿಬ್ ನದಿಗಳ ಒಣ ಪಾತ್ರದಲ್ಲಿ ಓಡಾಡುತ್ತವೆ. ಅವುಗಳ ಬೆನ್ನು ಹತ್ತಿ ಒಂಟಿ ಗಾಡಿಯಲ್ಲಿ ನದಿಪಾತ್ರಕ್ಕೆ ಇಳಿಯುವುದು ಬೇಡ. ಹಲವು ಬಾಡಿಗೆ ಒಪ್ಪಂದಗಳೂ ಇದನ್ನು ನಿಷೇಧಿಸುತ್ತವೆ. ಸ್ಥಳೀಯ ಗೈಡಿನ ಗಾಡಿಯಲ್ಲಿ ಅರ್ಧ ದಿನ ಹೋಗಿ ಬರುವುದು ಇಡೀ ಸುತ್ತಿನಲ್ಲೇ ಹಣಕ್ಕೆ ತಕ್ಕ ಖರ್ಚು. ಒಣ ನದಿಯಲ್ಲಿ ಟೆಂಟ್ ಹಾಕುವುದಂತೂ ಸಲ್ಲದು. ದೂರದ ಬೆಟ್ಟದಲ್ಲಿ ಸುರಿದ ಮಳೆಯ ನೀರು ಇಲ್ಲಿ ಮೋಡವೇ ಇಲ್ಲದಿರುವಾಗಲೂ ನುಗ್ಗಿ ಬರುತ್ತದೆ. ಮೊಬೈಲ್ ಸಿಗ್ನಲ್ ಬಹುಪಾಲು ಇಲ್ಲ, ಆದ್ದರಿಂದ ಸ್ಯಾಟಲೈಟ್ ಫೋನನ್ನು ಗಾಡಿಯ ಜತೆಗೇ ಬಾಡಿಗೆಗೆ ಪಡೆಯಿರಿ. ತಲೆಗೆ ದಿನಕ್ಕೆ ಐದು ಲೀಟರ್ ನೀರಿನ ಲೆಕ್ಕದಲ್ಲಿ ಎರಡು ದಿನದ ಹೆಚ್ಚುವರಿ ದಾಸ್ತಾನು ಸದಾ ಇರಲಿ.

ಎಟೋಶಾದಲ್ಲಿ ಪ್ರಾಣಿಗಳಿಗಾಗಿ ಗಾಡಿ ಓಡಿಸುತ್ತಲೇ ಇರುವುದು ದೊಡ್ಡ ತಪ್ಪು ಅಭ್ಯಾಸ. ಪಾರ್ಕು 22,000 ಚದರ ಕಿಲೋಮೀಟರಿಗೂ ದೊಡ್ಡದು, ಬೆನ್ನಟ್ಟಿ ಮುಗಿಯುವಂಥದ್ದಲ್ಲ. ಮೇಯಿಂದ ಅಕ್ಟೋಬರ್‌ವರೆಗಿನ ಒಣ ತಿಂಗಳುಗಳಲ್ಲಿ, ಅದರಲ್ಲೂ ಕೊನೆಕೊನೆಗೆ, ಪ್ರಾಣಿಗಳೇ ನೀರಿನ ಹೊಂಡಕ್ಕೆ ಬರುತ್ತವೆ. ಎಂಜಿನ್ ಆರಿಸಿ ಒಂದೆರಡು ಗಂಟೆ ಕಾಯಿರಿ. ಓಕಾಕುಯೆಯೊ ಕ್ಯಾಂಪಿನ ದೀಪ ಹಾಕಿದ ಹೊಂಡಕ್ಕೆ ರಾತ್ರಿ ಕಪ್ಪು ಘೇಂಡಾಮೃಗ ಬರುತ್ತದೆ. ಟೆಂಟಿನಿಂದ ನಡೆದು ಹೋಗಿ ಗೋಡೆಯ ಈಚೆ ಕೂತು ನೋಡಬಹುದು. ಕತ್ತಲಲ್ಲಿ ಮೊದಲು ಕೇಳುವುದು ಕಲ್ಲಿನ ಮೇಲೆ ಗೊರಸಿನ ಸದ್ದು, ಆಮೇಲೆ ನೀರಿನ ಅಂಚಿನಲ್ಲಿ ಕೊಂಬು, ಅದರ ತಲೆಕೆಳಗಾದ ಪ್ರತಿಬಿಂಬ. ಕೆಲವೊಮ್ಮೆ ಎರಡು ಘೇಂಡಾಮೃಗಗಳು ಎದುರುಬದುರಾಗಿ ಬುಸುಗುಟ್ಟುತ್ತ ಬಹಳ ಹೊತ್ತು ನಿಲ್ಲುತ್ತವೆ. ಕ್ಯಾಂಪಿನ ಸ್ನಾನದ ಮನೆ, ಅಂಗಡಿ ಸಾಧಾರಣ ಮಟ್ಟದವು. ಈ ಹೊಂಡದ ಮುಂದೆ ಅದು ಲೆಕ್ಕಕ್ಕಿಲ್ಲ. ಹಲಾಲಿ ಕ್ಯಾಂಪಿಗೆ ಇಲ್ಲಿಂದ 70 ಕಿಲೋಮೀಟರ್, ನಮುಟೋನಿ ಕ್ಯಾಂಪಿಗೆ ಅಲ್ಲಿಂದ ಇನ್ನಷ್ಟೇ ದೂರ, ವೇಗದ ಮಿತಿ 60. ಸೂರ್ಯಾಸ್ತಕ್ಕೆ ಕ್ಯಾಂಪ್ ಗೇಟು ಮುಚ್ಚುತ್ತದೆ. ಕ್ಯಾಂಪು ಮತ್ತು ಬೇಲಿ ಹಾಕಿದ ಶೌಚಾಲಯದ ಜಾಗ ಬಿಟ್ಟು ಬೇರೆಲ್ಲೂ ಗಾಡಿಯಿಂದ ಇಳಿಯುವಂತಿಲ್ಲ. ಮಳೆಗಾಲದಲ್ಲಿ ಇಲ್ಲಿ ಮಲೇರಿಯಾ ಇರುತ್ತದೆ, ಹೊರಡುವ ಮುನ್ನ ವೈದ್ಯರನ್ನು ಕಾಣಿ. ಉತ್ತರದಿಂದ ದಕ್ಷಿಣಕ್ಕೆ ಬರುವಾಗ ಜಾನುವಾರು ರೋಗ ತಡೆಯುವ ಬೇಲಿಯ ತಪಾಸಣೆಯಲ್ಲಿ ಹಸಿ ಮಾಂಸ ಕಿತ್ತುಕೊಳ್ಳುತ್ತಾರೆ, ಫ್ರಿಜ್ಜಿನಲ್ಲಿ ಇದ್ದರೆ ಎಟೋಶಾದಲ್ಲೇ ಬೇಯಿಸಿ ಮುಗಿಸಿ.

ಎಟೋಶಾ ಮಾತ್ರ ನೋಡುವವರಿಗೆ ಈ ಗಾಡಿ ಬೇಡ. ವಿಂಡ್‌ಹೋಕ್‌ನಿಂದ ಓಕಾಕುಯೆಯೊವರೆಗೂ ಡಾಂಬರಿದೆ, ಸಾದಾ ಕಾರು ಸಾಕು. ಐದು ವರ್ಷದೊಳಗಿನ ಮಕ್ಕಳಿದ್ದರೂ ಯೋಚಿಸಿ, ನಡುರಾತ್ರಿ ಏಣಿ ಇಳಿಸಿ ಹತ್ತಿಸುವುದು ಸುಲಭವಲ್ಲ. ಜೂನ್–ಆಗಸ್ಟ್‌ನಲ್ಲಿ ಮರುಭೂಮಿಯ ರಾತ್ರಿ ಸೊನ್ನೆ ಡಿಗ್ರಿಯ ಹತ್ತಿರ ಇಳಿಯುವುದರಿಂದ ಕಂಪನಿ ಕೊಡುವ ಹೊದಿಕೆ ಸಾಲುವುದಿಲ್ಲ, ತಲೆಗೊಂದರಂತೆ ಹೆಚ್ಚಿಗೆ ಕೇಳಿ. ಗಾಡಿ ಹಿಂದಿರುಗಿಸುವ ದಿನ ಅರ್ಧ ದಿನ ಬಿಡುವಿರಲಿ. ಹೊಸೆಯಾ ಕುಟಾಕೊ ವಿಮಾನ ನಿಲ್ದಾಣ ಊರಿನಿಂದ ನಲವತ್ತು ಕಿಲೋಮೀಟರಿಗೂ ಹೆಚ್ಚು ದೂರ. ತೊಳೆದ ಗಾಡಿಯ ಸುತ್ತ, ಟೈರಿನ ಒಳಬದಿ, ಗಾಜು, ಟೆಂಟಿನ ಜಿಪ್ಪು ಎಲ್ಲವನ್ನೂ ಕಂಪನಿಯವರ ಜತೆಗೇ ನಿಂತು ವಿಡಿಯೊ ಮಾಡಿ, ಕಾರ್ಡಿನಲ್ಲಿ ತಡೆಹಿಡಿದ ಮೊತ್ತ ಬಿಡುಗಡೆಯಾಗುವ ಪತ್ರಕ್ಕೆ ಸಹಿ ಹಾಕಿಸಿಕೊಂಡ ಮೇಲೆಯೇ ಕೀ ಕೊಡಿ.