ಐದು ವರ್ಷ ಬಳಸಿದ ಧ್ವನಿ ರೆಕಾರ್ಡರ್: ಅಜ್ಜಿಯ ಮೌನವನ್ನು ನುಂಗಿದ ಗುಂಡಿ

ಅಜ್ಜಿ ಹುಟ್ಟಿದ ಊರು ಶರಾವತಿಯ ಮುಳುಗಡೆಗೆ ಸೇರಿದ್ದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಅಲ್ಲಿರುವುದು ನೀರು. ಊರಿನ ಫೋಟೊ ಒಂದೂ ಇಲ್ಲ, ಇರುವುದು ಅಜ್ಜಿಯ ಮಾತಷ್ಟೆ. ಅದಕ್ಕೆಂದೇ 2020ರಲ್ಲಿ ಅಂಗೈಯಗಲದ ಈ ರೆಕಾರ್ಡರ್ ಕೊಂಡೆ. ಮೊಬೈಲ್ ಸಾಲದೇ ಎಂದು ಮಾವ ನಕ್ಕಿದ್ದರು. ಕಥೆ ಕಾವೇರುವ ಹೊತ್ತಿಗೇ ಮೊಬೈಲಿಗೆ ಕರೆ ಬರುತ್ತದೆ, ಅಜ್ಜಿ "ಯಾರಂತೆ?" ಎನ್ನುತ್ತಾಳೆ, ಅಲ್ಲಿಗೆ ಮುಗಿಯಿತು.

ಎದುರು ಕುಳಿತವರ ಮಾತನ್ನು ಚೆನ್ನಾಗಿಯೇ ಹಿಡಿಯುತ್ತದೆ. ಮರದ ಮಣೆಯ ಮೇಲಿಟ್ಟರೆ ಮಾತ್ರ ಕುಟ್ಟಾಣಿಯ ಪ್ರತಿ ಏಟೂ ಗುಡುಗಾಗುತ್ತದೆ. ಕೆಳಗೆ ಮಡಿಸಿದ ಟವೆಲ್ ಇರಬೇಕು. ಹಂಚಿನ ಮೇಲೆ ಬೀಳುವ ಆಷಾಢದ ಮಳೆಯನ್ನು ಗೆಲ್ಲುವ ಮೈಕನ್ನು ನಾನಂತೂ ಕಂಡಿಲ್ಲ.

ನನ್ನ ದೊಡ್ಡ ತಕರಾರು ಬೇರೆ. ಮಾತು ನಿಂತರೆ ತಾನೂ ನಿಂತು, ಮಾತು ಬಂದರೆ ಮತ್ತೆ ಶುರುವಾಗುವ ಸೌಲಭ್ಯವೊಂದು ಇದರಲ್ಲಿದೆ. ಜಾಗ ಉಳಿಯುತ್ತದಲ್ಲ ಎಂದು ಮೊದಲ ವರ್ಷವಿಡೀ ಹಾಕಿಟ್ಟಿದ್ದೆ. ಒಂದು ದಿನ ಅಜ್ಜಿಗೇ ಕೇಳಿಸಿದೆ. "ಇವಳು ಯಾರು, ಬಸ್ಸು ತಪ್ಪಿಹೋಗುವವಳ ಹಾಗೆ ಮಾತಾಡುತ್ತಾಳೆ?" ಎಂದಳು. ನಿಜವೇ. ಮನೆಯ ಹಂಚು ಇಳಿಸಿದ್ದನ್ನು ಹೇಳುತ್ತ, ಎಲೆಯ ತೊಟ್ಟು ಮುರಿಯುತ್ತ ಅವಳು ಸುಮ್ಮನಾದ ಆ ಅರೆ ನಿಮಿಷ ಫೈಲಿನಲ್ಲಿ ಇರಲೇ ಇಲ್ಲ. ಸಾಲದ್ದಕ್ಕೆ ಮೌನದ ನಂತರದ ಮೊದಲ ಅಕ್ಷರವೂ ಹೋಗಿತ್ತು: ಮಡೆನೂರು (ಬೇಸಿಗೆಯಲ್ಲಿ ನೀರು ತೀರಾ ಇಳಿದರೆ ಹಳೆಯ ಅಣೆಕಟ್ಟು ಎದ್ದು ಕಾಣುತ್ತದಲ್ಲ, ಅದೇ) ಬರೀ "ಡೆನೂರು" ಆಗಿತ್ತು.

ಆ ಸೌಲಭ್ಯವನ್ನು ನಿಲ್ಲಿಸಿ ಎಲ್ಲವನ್ನೂ ಮತ್ತೆ ಹೇಳಿಸಿದೆ. ಮೊದಲ ಸಲ ಹೇಳಿದಾಗ, ಊರು ಬಿಟ್ಟ ಲಾರಿಯಲ್ಲಿ 11 ಜನ ಇದ್ದರು. ಎರಡನೆಯ ಸಲ 9 ಜನ ಮತ್ತು ಒಂದು ಕರು. ಎರಡನ್ನೂ ಇಟ್ಟುಕೊಂಡಿದ್ದೇನೆ.

ಸೆಲ್ ಬದಲಿಸುವುದು ತುಸು ತಡವಾದರೂ ಇದರ ಗಡಿಯಾರ ಜನವರಿ 1ಕ್ಕೆ ಮರಳುತ್ತದೆ. ನನ್ನ 14 ಫೈಲುಗಳು ಒಂದೇ ದಿನ ಹುಟ್ಟಿವೆ! ಕಂಪನಿಗೆ ಬರೆದರೆ ಕೈಪಿಡಿ ನೋಡಿ ಎಂಬ ಉತ್ತರ ಬಂತು. ಈಗ ತಾರೀಕು, ಊರು, ಯಾರು ಯಾರು ಕುಳಿತಿದ್ದೇವೆ ಎಂಬುದನ್ನು ಶುರುವಿನಲ್ಲಿ ಬಾಯಲ್ಲೇ ಹೇಳಿಬಿಡುತ್ತೇನೆ.

ಧ್ವನಿಯನ್ನು ಒತ್ತಿ ಚಿಕ್ಕದಾಗಿಸುವ ಎಂಪಿ3 ಆದರೆ ಗಂಟೆಗೆ 100 ಎಂಬಿಯೊಳಗೆ ಮುಗಿಯುತ್ತದೆ, ಹಾಗೆ ಒತ್ತದೆ ಪೂರ್ತಿ ಇಡುವ ವೇವ್ ಆದರೆ 600 ದಾಟುತ್ತದೆ. ಇದರ 4 ಜಿಬಿಗೆ ಆರು ಗಂಟೆ. ನಾನು ವೇವ್‌ನಲ್ಲೇ ಮಾಡಿ ಎರಡು ಹಾರ್ಡ್ ಡಿಸ್ಕಿಗೆ ಹಾಕುತ್ತೇನೆ, ಒಂದು ತಂಗಿಯ ಮನೆಯಲ್ಲಿರುತ್ತದೆ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಸೆಲ್ಲಿನ ಮುಚ್ಚಳ ಕಳೆದ ವರ್ಷ ಮುರಿದು ರಬ್ಬರ್ ಬ್ಯಾಂಡಿನ ಮೇಲೆ ನಿಂತಿದೆ. ಮುಂದಿನ ವಾರ ಇದನ್ನೇ ಹಿಡಿದು ಚಿಕ್ಕಜ್ಜನ ಮನೆಗೆ ಹೊರಟಿದ್ದೇನೆ. ಆ ಲಾರಿಯಲ್ಲಿ ಅವರೂ ಇದ್ದರಂತೆ. ಕರುವಿನ ವಿಷಯ ಕೇಳಬೇಕು.