ಪ್ರಾಜೆಕ್ಟ್‌ಗೆ ಯಾವ ಸೂಪರ್‌ಕಂಡಕ್ಟರ್: ಬಿಲ್ಲೆಯೋ, ಒಂಟಿ ಹರಳೋ, ಮೆಗ್ನೀಷಿಯಂ ಡೈಬೋರೈಡೋ?

ಧಾರವಾಡದಲ್ಲಿ ಎಂ.ಎಸ್ಸಿ. ಓದುತ್ತಿರುವ ಒಬ್ಬರು ಕೇಳಿದ್ದಾರೆ: ಕಾಂತಕ್ಷೇತ್ರದ ಪ್ರಯೋಗಕ್ಕೆ ಈ ಮೂರು ಸೂಪರ್‌ಕಂಡಕ್ಟರ್‌ಗಳಲ್ಲಿ (ತಕ್ಕಷ್ಟು ತಣ್ಣಗಾದರೆ ತಡೆಯೇ ಇಲ್ಲದೆ ಕರೆಂಟ್ ಹರಿಸುವ ವಸ್ತುಗಳು) ಯಾವುದು ಒಳ್ಳೆಯದು?

ಮೊದಲು ಕ್ಷೇತ್ರದ ಮಾತು. ಪುಡಿ ಒತ್ತಿ ಸುಟ್ಟ ವೈಬಿಸಿಓ (ಇಟ್ರಿಯಂ, ಬೇರಿಯಂ, ತಾಮ್ರ, ಆಕ್ಸಿಜನ್ ಸೇರಿದ ವಸ್ತು) ಬಿಲ್ಲೆ ಒಳಗೆ ನಿಮ್ಮೂರ ಪೇಡೆಯಂತೆ ಕಾಳು ಕಾಳಾಗಿರುತ್ತದೆ. ಒಂದೊಂದು ಕಾಳೂ ಒಳ್ಳೆಯ ಸೂಪರ್‌ಕಂಡಕ್ಟರೇ. ಆದರೆ ಕಾಳುಗಳ ನಡುವಿನ ಬೆಸುಗೆ ಬಡಕಲು. ಕೆಲವೇ ಮಿಲಿಟೆಸ್ಲಾ (ಕಾಂತಕ್ಷೇತ್ರದ ಅಳತೆಯಾದ ಟೆಸ್ಲಾದ ಸಾವಿರದಲ್ಲೊಂದು ಪಾಲು) ಕ್ಷೇತ್ರ ಸಾಕು, ಕಾಳಿಂದ ಕಾಳಿಗೆ ಹರಿಯುವ ಕರೆಂಟ್ ಕುಸಿಯುತ್ತದೆ. ಕಾಳಿನೊಳಗಿನದು ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ತಾಪ ಬದಲಿಸುತ್ತಾ ಎಸಿ ಸಸೆಪ್ಟಿಬಿಲಿಟಿ (ಏರಿಳಿಯುವ ಕಾಂತಕ್ಷೇತ್ರಕ್ಕೆ ವಸ್ತು ಎಷ್ಟು ಸ್ಪಂದಿಸುತ್ತದೆ ಎಂಬುದು) ಅಳೆದರೆ ಕಾಳು, ಬೆಸುಗೆ ಇವು ಎರಡು ಮೆಟ್ಟಿಲಾಗಿ ಕಾಣುತ್ತವೆ. ಕ್ಷೇತ್ರ ಏರಿಸಿದರೆ ಬೆಸುಗೆಯ ಮೆಟ್ಟಿಲು ಮಾತ್ರ ಇನ್ನೂ ಕಡಿಮೆ ತಾಪಕ್ಕೆ ಜಾರುತ್ತದೆ. ನೋಡೋಕೆ ಮಜಾ ಇರುತ್ತದೆ.

ಅದೇ ವೈಬಿಸಿಓವನ್ನು ಕರಗಿಸಿ ನಿಧಾನಕ್ಕೆ ಬೆಳೆಸಿದ ಒಂಟಿ ಹರಳಿನಲ್ಲಿ ಈ ಆಟವಿಲ್ಲ. ಅದು ಕ್ಷೇತ್ರವನ್ನೇ ಹಿಡಿದಿಡುತ್ತದೆ. 2003ರಲ್ಲಿ ಜಪಾನಿನವರು 29 ಕೆಲ್ವಿನ್‌ನಲ್ಲಿ 17 ಟೆಸ್ಲಾಗೂ ಜಾಸ್ತಿ ಹಿಡಿದಿಟ್ಟರು. ಮೆಗ್ನೀಷಿಯಂ ಡೈಬೋರೈಡ್‌ನಲ್ಲಿ ಕಾಳುಗಳಿದ್ದರೂ ಬೆಸುಗೆ ಗಟ್ಟಿ.

ತಂಪಿನ ಖರ್ಚು? ವೈಬಿಸಿಓಗೆ ಸುಮಾರು 92 ಕೆಲ್ವಿನ್ ಸಾಕು, ಅಂದರೆ 77 ಕೆಲ್ವಿನ್‌ನ ದ್ರವ ಸಾರಜನಕ ನಡೆಯುತ್ತದೆ. ದನಗಳ ಕೃತಕ ಗರ್ಭಧಾರಣೆಗೆ ವೀರ್ಯ ಕಾಪಾಡುವವರ ಹತ್ತಿರ ಇರುವುದೂ ಅದೇ. ಡೈಬೋರೈಡ್‌ಗೆ 39 ಕೆಲ್ವಿನ್‌ಗಿಂತ ಕೆಳಗೆ ಇಳಿಯಬೇಕು. ದ್ರವ ಹೀಲಿಯಂ ಅಥವಾ ಕ್ರಯೋಕೂಲರ್ (ಅಷ್ಟು ತಣ್ಣಗೆ ಮಾಡುವ ಯಂತ್ರ) ಇಲ್ಲದಿದ್ದರೆ ಸುಮ್ನೆ ಅದರ ತಂಟೆಗೆ ಹೋಗಬೇಡಿ.

ತಯಾರಿಯಲ್ಲಿ ಬಿಲ್ಲೆಯೇ ಸಲೀಸು: 900 ಡಿಗ್ರಿ ದಾಟುವ ಕುಲುಮೆ, ಆಮೇಲೆ ಆಕ್ಸಿಜನ್. ಡೈಬೋರೈಡ್‌ನಲ್ಲಿ ಮೆಗ್ನೀಷಿಯಂ ಆವಿಯಾಗಿ ಹೋಗುತ್ತದೆ, ಆರ್ಗಾನ್‌ನಲ್ಲಿ ಮುಚ್ಚಿ ಕಾಯಿಸಬೇಕು. ಹರಳನ್ನು ಕೊಳ್ಳುವುದೇ ವಾಸಿ.

ಬೆಸುಗೆಯ ಭೌತಶಾಸ್ತ್ರ ಬೇಕಿದ್ದರೆ ಬಿಲ್ಲೆ. ಕಾಂತದ ಮೇಲೆ ತೇಲಿಸಿ ತೋರಿಸಲು ಹರಳು. ಮುಂದೆ ತಂತಿ, ಸುರುಳಿಯ ಕೆಲಸಕ್ಕೆ ಹೋಗುವವರು, ಕ್ರಯೋಕೂಲರ್ ಇರುವ ಲ್ಯಾಬ್ ಸಿಕ್ಕರೆ, ಡೈಬೋರೈಡ್ ಹಿಡಿಯಲಿ.