ಟ್ಯಾಕ್ಸ್ ಅಂಗಡಿ, ನಾನೇ, ಸಿಎ: ಫ್ರೀಲ್ಯಾನ್ಸ್‌ನ ಮೊದಲ ಮೂರು ವರ್ಷದ ಲೆಕ್ಕ

2022ರ ಮಾರ್ಚ್‌ನಲ್ಲಿ ಬೆಂಗಳೂರಿನ ಕೆಲಸ ಬಿಟ್ಟು ಮೈಸೂರಿಗೆ ವಾಪಸ್ ಬಂದೆ. ಮನೆಯಿಂದಲೇ ಸಾಫ್ಟ್‌ವೇರ್ ಕೆಲಸ ಹಿಡಿದು ಮಾಡುತ್ತಿದ್ದೇನೆ. ಹೊಸದಾಗಿ ಈ ದಾರಿಗೆ ಬಂದವರು ಸಿಕ್ಕಾಗೆಲ್ಲ "ಅಕ್ಕ, ಟ್ಯಾಕ್ಸ್ ರಿಟರ್ನ್‌ಗೆ ಸಿಎ ಇಟ್ಕೋಬೇಕಾ, ನಾವೇ ಮಾಡ್ಕೋಬಹುದಾ?" ಅಂತ ಕೇಳುತ್ತಾರೆ. ನಾನು ಎರಡನ್ನೂ ನೋಡಿದ್ದೇನೆ. ಅದಕ್ಕೂ ಮೊದಲು ಮೂರನೆಯದೊಂದನ್ನೂ ನೋಡಿದ್ದೆ, ಅಲ್ಲಿಂದಲೇ ಶುರು ಮಾಡುತ್ತೇನೆ.

ಸಂಬಳ ಬರುತ್ತಿದ್ದಾಗ ಪ್ರತಿ ಜುಲೈನಲ್ಲಿ ಫಾರ್ಮ್ 16 (ಸಂಬಳ, ಹಿಡಿದ ತೆರಿಗೆಯ ವಿವರವಿರುವ ಕಂಪನಿಯ ಪತ್ರ) ಹಿಡಿದು ಒಂದು ಟ್ಯಾಕ್ಸ್ ಅಂಗಡಿಗೆ ಹೋಗುತ್ತಿದ್ದೆ. ಜೆರಾಕ್ಸ್, ಪ್ಯಾನ್ ಕಾರ್ಡ್, ರಿಟರ್ನ್ ಎಲ್ಲ ಒಂದೇ ಕಡೆ. ಫ್ರೀಲ್ಯಾನ್ಸ್‌ನ ಮೊದಲ ವರ್ಷವೂ ಅಲ್ಲಿಗೇ ಹೋದೆ. 800 ರೂಪಾಯಿ, ಅರ್ಧ ಗಂಟೆ. ಆ ವರ್ಷ ನನಗೆ ಬಂದಿದ್ದು 9,60,000. ಕ್ಲೈಂಟ್‌ಗಳು ಶೇ 10ರಂತೆ 96,000 ಟಿಡಿಎಸ್ (ಹಣ ಕೊಡುವ ಮೊದಲೇ ಹಿಡಿದು ಸರ್ಕಾರಕ್ಕೆ ಕಟ್ಟುವ ತೆರಿಗೆ) ಹಿಡಿದಿದ್ದರು. ಅಂಗಡಿಯವರು ಎಂದಿನಂತೆ ಸಂಬಳದವರ ರಿಟರ್ನ್ ಫಾರ್ಮ್ ಐಟಿಆರ್-1 ತೆಗೆದು, ನನ್ನ ಅಷ್ಟೂ ದುಡಿಮೆಯನ್ನು 'ಇತರೆ ಮೂಲ' ಅಂತ ತೋರಿಸಿದರು. 80ಸಿ ಅಡಿ (ಉಳಿತಾಯಕ್ಕೆ ಸಿಗುವ ವಿನಾಯಿತಿ) ಒಂದೂವರೆ ಲಕ್ಷ ಕಳೆದು ತೆರಿಗೆ 77,480 ಬಂತು. 18,520 ರೀಫಂಡ್ ಬಂದಾಗ ನಾನು ಖುಷಿಯನ್ನೇ ಪಟ್ಟೆ.

ನವೆಂಬರ್‌ನಲ್ಲಿ ಗೆಳತಿಯೊಬ್ಬಳು "44ಎಡಿಎ ಹಾಕಿಲ್ವಾ?" ಅಂದಳು. ಆ ಹೆಸರನ್ನೇ ನಾನು ಕೇಳಿರಲಿಲ್ಲ. ವಕೀಲರು, ವೈದ್ಯರು, ಎಂಜಿನಿಯರ್‌ಗಳು, ಆರ್ಕಿಟೆಕ್ಟ್‌ಗಳು, ಐಟಿಯವರು ಹೀಗೆ ಕೆಲವು ವೃತ್ತಿಯವರಿಗೆ ಇರುವ ಸೌಲಭ್ಯ ಅದು. ವರ್ಷಕ್ಕೆ 50 ಲಕ್ಷದವರೆಗೆ ಬಂದ ಹಣದಲ್ಲಿ ಅರ್ಧವನ್ನು ಲಾಭ ಅಂತ ತೋರಿಸಿದರೆ ಸಾಕು. ಬಿಲ್ಲು, ಲೆಕ್ಕದ ಪುಸ್ತಕ ಇಡಬೇಕಿಲ್ಲ. ನಗದು ಶೇ 5ಕ್ಕಿಂತ ಜಾಸ್ತಿ ಇಲ್ಲದಿದ್ದರೆ 2023-24ರಿಂದ ಮಿತಿ 75 ಲಕ್ಷ. (ಇದು 1961ರ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ ಸಂಖ್ಯೆ. 2025ರ ಹೊಸ ಕಾಯ್ದೆಯಲ್ಲಿ ಸಂಖ್ಯೆ ಬದಲಾಗಿದೆ.) ನನ್ನ 9,60,000ದಲ್ಲಿ ಅರ್ಧ ಅಂದರೆ 4,80,000. ತೆರಿಗೆಯ ಹಳೆಯ ಪದ್ಧತಿಯಲ್ಲಿ 5 ಲಕ್ಷದವರೆಗಿನ ಆದಾಯಕ್ಕೆ ರಿಬೇಟ್, ಅಂದರೆ ತೆರಿಗೆ ಮನ್ನಾ ಇತ್ತು. ಅಲ್ಲಿಗೆ ನನ್ನ ತೆರಿಗೆ ಸೊನ್ನೆ.

ತಿದ್ದಿದ ರಿಟರ್ನ್ ಹಾಕಲು ಡಿಸೆಂಬರ್ 31ರವರೆಗೆ ಸಮಯವಿತ್ತು. ರಾತ್ರಿ ಕೂತು ಪೋರ್ಟಲ್‌ಗೆ ಲಾಗಿನ್ ಆಗಲು ಹೋದರೆ ಪಾಸ್‌ವರ್ಡ್ ನನಗೆ ಗೊತ್ತಿಲ್ಲ. ಬದಲಿಸೋಣ ಅಂದರೆ ಒಟಿಪಿ ಅಂಗಡಿಯವರ ಮೊಬೈಲ್‌ಗೆ ಹೋಗುತ್ತಿದೆ. ನನ್ನ ಖಾತೆಗೆ ಅವರ ನಂಬರ್, ಅವರ ಮೇಲ್! ಮಾರನೇ ದಿನ ಅಂಗಡಿಗೆ ಹೋಗಿ ಕೌಂಟರ್ ಮುಂದೆ ನಿಂತು, "ಅಣ್ಣ, ಒಂದು ಒಟಿಪಿ ಬರುತ್ತೆ, ಸ್ವಲ್ಪ ನೋಡಿ ಹೇಳ್ತೀರಾ?" ಅಂತ ಕೇಳಿದೆ. ಪಾಪ, ಅವರು ಬೇಜಾರಿಲ್ಲದೆ ಹೇಳಿದರು. ಅವರದು ಕೆಟ್ಟ ಮನಸ್ಸಲ್ಲ, ಸಂಬಳದವರ ರಿಟರ್ನ್ ಮಾತ್ರ ಗೊತ್ತಿತ್ತು ಅಷ್ಟೆ. ಆದರೂ ಫ್ರೀಲ್ಯಾನ್ಸರ್‌ಗೆ ಈ ದಾರಿ ಬೇಡವೇ ಬೇಡ. ನೀವು ಯಾರ ಹತ್ತಿರ ಮಾಡಿಸಿದರೂ ಮೊಬೈಲ್ ನಂಬರ್, ಮೇಲ್ ನಿಮ್ಮದೇ ಇರಲಿ. 44ಎಡಿಎಗೆ ಹೊಂದುವ ಐಟಿಆರ್-4ರಲ್ಲಿ ತಿದ್ದಿ ಹಾಕಿದ ಮೇಲೆ ಉಳಿದ 77,480 ರೂಪಾಯಿಯೂ ಬಂತು.

ಹಾಗೆ ಧೈರ್ಯ ಬಂದು ಎರಡನೇ ವರ್ಷ, 2023-24ಕ್ಕೆ, ನಾನೇ ಮಾಡಿದೆ. ಖರ್ಚು ಸೊನ್ನೆ, ಒಂದು ಭಾನುವಾರ ಹೋಯಿತು. ಆ ವರ್ಷ ಬಂದಿದ್ದು 14 ಲಕ್ಷ, ಅರ್ಧ 7 ಲಕ್ಷ. ಹೊಸ ಪದ್ಧತಿಯಲ್ಲಿ 7 ಲಕ್ಷದವರೆಗೆ ತೆರಿಗೆ ಇರಲಿಲ್ಲ. ಫಾರ್ಮ್ ತುಂಬುವುದು ಏನೇನೂ ಕಷ್ಟವಲ್ಲ. ಸಮಯ ಹಿಡಿಯುವುದು ತಾಳೆ ನೋಡುವ ಕೆಲಸ. ನನ್ನ ಇನ್‌ವಾಯ್ಸ್ ಪಟ್ಟಿಯ ಪ್ರಕಾರ ಟಿಡಿಎಸ್ 1,40,000 ಇರಬೇಕಿತ್ತು. ಪೋರ್ಟಲ್‌ನಲ್ಲಿ ನಮ್ಮ ಹೆಸರಿಗೆ ಜಮೆಯಾದ ತೆರಿಗೆ ತೋರಿಸುವ ಫಾರ್ಮ್ 26ಎಎಸ್‌ನಲ್ಲಿ 1,28,000 ಇತ್ತು. ಒಬ್ಬ ಕ್ಲೈಂಟ್ ಕೊನೆಯ ತ್ರೈಮಾಸಿಕದ ಟಿಡಿಎಸ್ ರಿಟರ್ನ್ ಹಾಕಿರಲಿಲ್ಲ. ಅವರ ಅಕೌಂಟ್ಸ್‌ನವರಿಗೆ ನಾಲ್ಕು ಸಲ ಫೋನ್ ಮಾಡಿ ಸರಿ ಮಾಡಿಸಿದೆ. ಈ 12,000 ರೂಪಾಯಿಯನ್ನು ಬೇರೆ ಯಾರೂ ಹುಡುಕಿಕೊಡುತ್ತಿರಲಿಲ್ಲ, ಯಾಕಂದ್ರೆ ಯಾವ ಇನ್‌ವಾಯ್ಸ್‌ಗೆ ಎಷ್ಟು ಹಿಡಿದರು ಅನ್ನುವುದು ನನಗೊಬ್ಬಳಿಗೇ ಗೊತ್ತು. ಈಗ ಸಿಎ ಇದ್ದರೂ ಈ ಕೆಲಸ ನನ್ನದೇ.

ಮೂರನೇ ವರ್ಷ, 2024-25ರಲ್ಲಿ, ಜರ್ಮನಿಯ ಕ್ಲೈಂಟ್ ಒಬ್ಬರು ಸಿಕ್ಕರು. ತಿಂಗಳಿಗೆ ಒಂದೂವರೆ ಲಕ್ಷ, ಜೊತೆಗೆ ಇಲ್ಲಿಯ ಕೆಲಸದಿಂದ 50,000. ಹೊರದೇಶದ ಹಣಕ್ಕೆ ಜಿಎಸ್‌ಟಿ ಇಲ್ಲ ಅಂತ ನಾನು ನೆಮ್ಮದಿಯಾಗಿದ್ದೆ. ಆದರೂ 1,500 ರೂಪಾಯಿ ಕೊಟ್ಟು ಸಿಎ ಒಬ್ಬರ ಹತ್ತಿರ ಒಂದು ಗಂಟೆ ಕೂತೆ. ಅವರು ಕ್ಯಾಲ್ಕುಲೇಟರ್ ತಿರುಗಿಸಿ ತೋರಿಸಿದರು. "ಮೇಡಂ, ರಫ್ತಿಗೆ ತೆರಿಗೆ ಸೊನ್ನೆ, ಸರಿ. ಆದ್ರೆ ಜಿಎಸ್‌ಟಿ ನೋಂದಣಿಗೆ ನೋಡೋ 20 ಲಕ್ಷದ ವಹಿವಾಟಿನ ಲೆಕ್ಕಕ್ಕೆ ಅದೂ ಸೇರುತ್ತೆ. ಫೆಬ್ರವರಿಯಲ್ಲಿ ದಾಟ್ತೀರಿ. ದಾಟಿದ 30 ದಿನದೊಳಗೆ ನೋಂದಣಿಗೆ ಅರ್ಜಿ ಹಾಕ್ಬೇಕು." ನೋಂದಣಿಯಾದ ಮೇಲೆ ಇಲ್ಲಿಯ ಬಿಲ್‌ಗಳಿಗೆ ಶೇ 18 ಸೇರಿಸಬೇಕು. ಜರ್ಮನಿಯ ಬಿಲ್‌ಗೆ ತೆರಿಗೆ ಕಟ್ಟದೆ ಕಳಿಸಲು ಎಲ್‌ಯುಟಿ ಎಂಬ ಮುಚ್ಚಳಿಕೆ ಪತ್ರ ಹಾಕಬೇಕು, ಅದನ್ನು ಪ್ರತಿ ಹಣಕಾಸು ವರ್ಷಕ್ಕೂ ಹೊಸದಾಗಿ ಹಾಕಬೇಕು. ಜಿಎಸ್‌ಟಿ ರಿಟರ್ನ್ ತಡವಾದರೆ ದಿನಕ್ಕೆ 50 ರೂಪಾಯಿ ಶುಲ್ಕ, ವಹಿವಾಟೇ ಇಲ್ಲದಿದ್ದರೂ 20.

ಇನ್ನೊಂದು ವಿಷಯವನ್ನೂ ಅವರೇ ಹೇಳಿದ್ದು. ಹೊರದೇಶದವರು ಟಿಡಿಎಸ್ ಹಿಡಿಯುವುದಿಲ್ಲ. 24 ಲಕ್ಷದಲ್ಲಿ ಅರ್ಧ 12 ಲಕ್ಷ, ಆ ವರ್ಷದ ಹೊಸ ಪದ್ಧತಿಯ ದರದಲ್ಲಿ ತೆರಿಗೆ 83,200, ಇಲ್ಲಿಯ ಟಿಡಿಎಸ್ 60,000. ಬಾಕಿ 23,200. ಬಾಕಿ 10,000 ಮುಟ್ಟಿದರೆ ಮುಂಗಡ ತೆರಿಗೆ ಕಟ್ಟಬೇಕು, 44ಎಡಿಎಯವರಿಗೆ ಮಾರ್ಚ್ 15ರೊಳಗೆ ಒಂದೇ ಕಂತು. ತಪ್ಪಿದರೆ ತಿಂಗಳಿಗೆ ಶೇ 1 ಬಡ್ಡಿ. ನನ್ನ ಮೊತ್ತಕ್ಕೆ ಅದು ದೊಡ್ಡದಲ್ಲ, ಹೆದರುವ ಅಗತ್ಯವಿಲ್ಲ. ಜಿಎಸ್‌ಟಿ ಮಾತ್ರ ಪ್ರತಿ ತಿಂಗಳು ತಲೆಯಲ್ಲಿ ಕೂರುವ ಕೆಲಸ. ಅದಕ್ಕೇ ವರ್ಷಕ್ಕೆ 18,000ಕ್ಕೆ ಅವರಿಗೆ ಒಪ್ಪಿಸಿದೆ. 44ಎಡಿಎಯಲ್ಲಿ ಈ ಫೀಸನ್ನು ಬೇರೆಯಾಗಿ ಕಳೆಯಲು ಆಗುವುದಿಲ್ಲ, ಪೂರ್ತಿ ಕೈಯಿಂದಲೇ ಹೋಗುತ್ತದೆ. ಆದರೂ ನನಗೆ ಬೇಸರವಿಲ್ಲ.

ನಿಮ್ಮ ಕ್ಲೈಂಟ್‌ಗಳೆಲ್ಲ ಇಲ್ಲಿಯವರಾಗಿದ್ದು, 20 ಲಕ್ಷ ದೂರವಿದ್ದರೆ ರಿಟರ್ನ್ ನೀವೇ ಹಾಕಿ. ಸುಮ್ನೆ ವರ್ಷವಿಡೀ ಸಿಎಗೆ ಕೊಡಬೇಡಿ. ಆದರೆ ಆ ಒಂದು ಗಂಟೆಯ ಮಾತಿಗೆ ಮಾತ್ರ ಹಿಂದೆ ಮುಂದೆ ನೋಡಬೇಡಿ. ಜುಲೈನಲ್ಲಿ ಸಿಎ ಆಫೀಸಿನಲ್ಲಿ ಕೂರಲು ಕುರ್ಚಿಯೂ ಸಿಗುವುದಿಲ್ಲ, ಏಪ್ರಿಲ್‌ನಲ್ಲೇ ಹೋಗಿ. 26ಎಎಸ್ ಮತ್ತು ಇನ್‌ವಾಯ್ಸ್ ಪಟ್ಟಿ ಕೈಯಲ್ಲಿರಲಿ. ನಿಮ್ಮ ವೃತ್ತಿ 44ಎಡಿಎ ಪಟ್ಟಿಯಲ್ಲಿ ಇದೆಯಾ ಅನ್ನುವುದನ್ನೇ ಮೊದಲು ಕೇಳಿ.